ಬಂಗು, ಬಾಳೆಕಾಯಿ ಮತ್ತು ಔಷಧಿ ಅಂಗಡಿಯ ಟ್ಯೂಬು

ಹಾವೇರಿ ಕಡೆಯ ಪ್ರೌಢಶಾಲಾ ಶಿಕ್ಷಕಿಯೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ವಯಸ್ಸು ನಲವತ್ತು ದಾಟಿದೆ. ಬೆಳಗಿನ ಪ್ರಾರ್ಥನೆ, ಆಟದ ಪಿರಿಯಡ್ಡು, ಬಿಸಿಯೂಟದ ಉಸ್ತುವಾರಿ ಅಂತ ದಿನಾ ಬಿಸಿಲಲ್ಲಿ ನಿಲ್ಲುವ ಕೆಲಸ. ಈಚೆಗೆ ಎರಡೂ ಕೆನ್ನೆಯ ಮೇಲೆ ಬಂಗು ಹರಡುತ್ತಿದೆ, ಹಣೆಯ ಅಂಚಿನಲ್ಲಿ ಅಲ್ಲಲ್ಲಿ ಕಂದು ಚುಕ್ಕೆಗಳೂ ಮೂಡಿವೆ. “ಔಷಧಿ ಅಂಗಡಿಯಲ್ಲಿ ಕೇಳಿದೆ. ಈ ಟ್ಯೂಬು ಕೊಟ್ಟು, ಎರಡು ವಾರ ಹಚ್ಚಿ ಮೇಡಂ, ಪೂರ್ತಿ ತಿಳಿಯಾಗುತ್ತೆ ಅಂದರು. ಡಾಕ್ಟರ ಚೀಟಿ ಏನೂ ಕೇಳಲಿಲ್ಲ. ಹಚ್ಚಲೋ ಬೇಡವೋ ಹೇಳಿ” ಎಂದು ಬರೆದಿದ್ದಾರೆ.

ಜೊತೆಗೆ ಟ್ಯೂಬಿನ ಎರಡೂ ಬದಿಯ ಫೋಟೊ ಇಟ್ಟಿದ್ದಾರೆ. ಮುಂಬದಿಯಲ್ಲಿ ದೊಡ್ಡದಾಗಿ ಹೆಸರು. ಹಿಂಬದಿಯಲ್ಲಿ ಫೋಟೊವನ್ನು ಹಿಗ್ಗಿಸಿದರೆ ಮಾತ್ರ ಕಾಣುವ ಅಕ್ಷರದಲ್ಲಿ ಮೂರು ಸಾಲು: ಹೈಡ್ರೋಕ್ವಿನೋನ್ ಶೇ. 2, ಟ್ರೆಟಿನಾಯಿನ್ ಶೇ. 0.025, ಮೊಮೆಟಾಸೋನ್ ಶೇ. 0.1. ಅದರ ಪಕ್ಕದಲ್ಲೇ ಕೆಂಪು ಚೌಕಟ್ಟಿನೊಳಗೆ, ವೈದ್ಯರ ಚೀಟಿ ಇಲ್ಲದೆ ಮಾರಕೂಡದು ಎಂಬ ಎಚ್ಚರಿಕೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಈ ಟ್ಯೂಬು ಬೇಡ. ಹಾಗೆಂದು ಚೀಟಿ ಇಲ್ಲದೆ ಕೊಳ್ಳಬಹುದಾದ ಎಲ್ಲ ಕ್ರೀಮೂ ಬರೀ ಮೋಸ ಅಂತಲೂ ಅಲ್ಲ. ಅವುಗಳಲ್ಲಿ ಕೆಲವು ನಿಜವಾಗಿಯೂ ಕೆಲಸ ಮಾಡುತ್ತವೆ, ನಿಧಾನವಾಗಿ ಮತ್ತು ಮಿತವಾಗಿ. ಯಾವುದು ಬೇಡ, ಯಾವುದು ಸರಿ ಎಂದು ಗೊತ್ತಾಗಬೇಕಾದರೆ ಚರ್ಮ ಕಪ್ಪಾಗುವುದು ಹೇಗೆ ಎಂದು ನೋಡಬೇಕು. ಅದಕ್ಕೆ ಪ್ರಯೋಗಾಲಯಕ್ಕೆ ಹೋಗಬೇಕಿಲ್ಲ, ನಮ್ಮ ಅಡುಗೆಮನೆ ಸಾಕು.

ಬಾಳೆಕಾಯಿ ಪಲ್ಯಕ್ಕೆ ಹೆಚ್ಚುವಾಗ ಏನು ಮಾಡುತ್ತೇವೆ? ಪಕ್ಕದಲ್ಲಿ ಒಂದು ಪಾತ್ರೆಗೆ ನೀರು ಹಾಕಿ, ಅದಕ್ಕೆ ಒಂದು ಸೌಟು ಮಜ್ಜಿಗೆ ಬೆರೆಸಿ ಇಟ್ಟುಕೊಂಡು, ಹೆಚ್ಚಿದ ಹೋಳನ್ನು ಕೂಡಲೇ ಅದರೊಳಗೆ ಹಾಕುತ್ತೇವೆ. ಹೊರಗೆ ಬಿಟ್ಟರೆ ಕೆಲವೇ ನಿಮಿಷಕ್ಕೆ ಹೋಳು ಕಂದಿ ಕಪ್ಪಾಗುತ್ತದೆ. ಬದನೆಕಾಯಿ, ಬಾಳೆದಿಂಡು, ಬಾಳೆಹೂವಿಗೂ ಇದೇ ಉಪಚಾರ. ಚಾಕು ತಾಗಿ ಜೀವಕೋಶ ಒಡೆದಾಗ ಅದರೊಳಗಿನ ಒಂದು ಕಿಣ್ವ ಹೊರಬರುತ್ತದೆ. ಈ ಕಿಣ್ವದ ನಡುವೆ ತಾಮ್ರದ ಎರಡು ಪರಮಾಣುಗಳಿವೆ. ಅವು ಗಾಳಿಯ ಆಮ್ಲಜನಕವನ್ನು ಹಿಡಿದು, ಕಾಯಿಯೊಳಗಿನ ಫೀನಾಲ್ ಎಂಬ ಬಣ್ಣವಿಲ್ಲದ ವಸ್ತುವಿಗೆ ಸೇರಿಸುತ್ತವೆ. ಹೀಗೆ ಹುಟ್ಟಿದ ಕ್ವಿನೋನುಗಳು ಒಂದಕ್ಕೊಂದು ಅಂಟಿಕೊಳ್ಳುತ್ತಾ ಕಂದು ಬಣ್ಣಕ್ಕೆ ತಿರುಗುತ್ತವೆ.

ನಮ್ಮ ಚರ್ಮದೊಳಗೆ ಇದೇ ಕುಲದ ಕಿಣ್ವವೊಂದಿದೆ. ಹೆಸರು ಟೈರೋಸಿನೇಸ್. ಅದರ ನಡುವೆಯೂ ತಾಮ್ರದ ಎರಡು ಪರಮಾಣುಗಳು. ಟೈರೋಸಿನ್ ಎಂಬ ಅಮೈನೋ ಆಮ್ಲವನ್ನು ಅದು ಮೊದಲು ಡೋಪಾ ಮಾಡುತ್ತದೆ, ಆಮೇಲೆ ಡೋಪಾಕ್ವಿನೋನ್ ಮಾಡುತ್ತದೆ. ಅಲ್ಲಿಂದ ಮುಂದೆ ಸರಪಳಿ ತಾನಾಗಿ ಬೆಳೆದು ಮೆಲನಿನ್ ಆಗುತ್ತದೆ. ಟೈರೋಸಿನೇಸ್ ಮೊದಲು ಸಿಕ್ಕಿದ್ದು ಮನುಷ್ಯನ ಚರ್ಮದಲ್ಲಲ್ಲ, ಅಣಬೆಯಲ್ಲಿ. 1895ರಲ್ಲಿ ಬೂರ್ಕೆಲೊ ಮತ್ತು ಬರ್ತ್ರಾ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳು, ಮುರಿದ ಕೂಡಲೇ ಕೆಂಪಾಗಿ ನಂತರ ಕಪ್ಪಾಗುವ ಒಂದು ಕಾಡಣಬೆಯ ಬೆನ್ನುಹತ್ತಿ ಈ ಕಿಣ್ವವನ್ನು ಗುರುತಿಸಿದರು. 1917ರಲ್ಲಿ ಸ್ವಿಟ್ಜರ್ಲೆಂಡಿನ ಚರ್ಮವೈದ್ಯ ಬ್ರೂನೊ ಬ್ಲೋಖ್ ಮನುಷ್ಯರ ಚರ್ಮದ ತೆಳು ಪದರಗಳನ್ನು ಡೋಪಾ ದ್ರಾವಣದಲ್ಲಿ ನೆನೆಹಾಕಿ ಕಾದ. ಪದರದ ಬುಡದಲ್ಲಿದ್ದ ಕೆಲವೇ ಕೆಲವು ಜೀವಕೋಶಗಳು ಕಪ್ಪಾದವು, ಉಳಿದವು ಹಾಗೇ ಉಳಿದವು. ಬಣ್ಣ ತಯಾರಿಸುವ ಕೋಶಗಳು ಬೇರೆಯೇ ಇವೆ ಎಂದು ಹೀಗೆ ಕಣ್ಣಿಗೆ ಕಾಣುವಂತೆ ಸಾಬೀತಾಯಿತು.

ಇವೇ ಮೆಲನೋಸೈಟುಗಳು. ಹೊರಚರ್ಮದ ತೀರ ತಳದ ಸಾಲಿನಲ್ಲಿ ಕೂತು, ಉದ್ದನೆಯ ಚಾಚುಗಳಿಂದ ಸುತ್ತಲಿನ ಸುಮಾರು 36 ಕೋಶಗಳಿಗೆ ಮೆಲನಿನ್ ಕಣಗಳನ್ನು ದಾಟಿಸುತ್ತವೆ. ಕಣಗಳನ್ನು ಪಡೆದ ಕೋಶ ಅವನ್ನು ತನ್ನ ಕೋಶಕೇಂದ್ರದ ಮೇಲೆ, ಸೂರ್ಯನಿಗೆ ಮುಖಮಾಡಿದ ಕಡೆಗೆ, ಜೋಡಿಸಿಕೊಳ್ಳುತ್ತದೆ. ಬಿಸಿಲಿನ ನೇರಳಾತೀತ ಕಿರಣ ಡಿಎನ್‌ಎಗೆ ಬಡಿಯದಂತೆ ತಡೆಯಲು ಮಾಡಿಕೊಂಡ ಏರ್ಪಾಡು ಇದು. ಕಪ್ಪು ಬಣ್ಣದವರಿಗೂ ಬಿಳಿಯರಿಗೂ ಮೆಲನೋಸೈಟುಗಳ ಸಂಖ್ಯೆ ಹೆಚ್ಚುಕಡಿಮೆ ಒಂದೇ. ಮೆಲನಿನ್ ಕಣಗಳ ಗಾತ್ರ, ಪ್ರಮಾಣ, ಹಂಚಿಕೆಯಲ್ಲಿ ಮಾತ್ರ ವ್ಯತ್ಯಾಸ. ಮೆಲನಿನ್ ನಮ್ಮನ್ನು ಕಾಯುವ ವಸ್ತು ಎಂಬುದನ್ನು ಮರೆತು ಯಾವ ಕ್ರೀಮನ್ನೂ ಕೈಗೆತ್ತಿಕೊಳ್ಳಬಾರದು.

ಮತ್ತೆ ಮಜ್ಜಿಗೆ ನೀರಿನ ಪಾತ್ರೆಗೆ ಬರೋಣ. ಅಲ್ಲಿ ಒಟ್ಟಿಗೆ ಎರಡು ಕೆಲಸ ನಡೆಯುತ್ತದೆ. ನೀರು ಗಾಳಿಯನ್ನು ದೂರ ಇಡುತ್ತದೆ, ಮಜ್ಜಿಗೆಯ ಹುಳಿ ಕಿಣ್ವದ ಕೈಕಟ್ಟುತ್ತದೆ. ಮಜ್ಜಿಗೆ ಬದಲು ನಿಂಬೆರಸ ಹಿಂಡಿದರೆ ಮೂರನೆಯದೂ ಸೇರುತ್ತದೆ: ಅದರ ವಿಟಮಿನ್ ಸಿ, ಆಗಷ್ಟೇ ಹುಟ್ಟಿದ ಕ್ವಿನೋನನ್ನು ಬಣ್ಣವಿಲ್ಲದ ಮೂಲರೂಪಕ್ಕೆ ಮರಳಿಸುತ್ತದೆ. ಕಲೆ ತಿಳಿಯಾಗಿಸುವ ಕ್ರೀಮುಗಳ ಕೆಲಸವೂ ಬಹುಪಾಲು ಹೀಗೆಯೇ. ಹೈಡ್ರೋಕ್ವಿನೋನ್, ಆರ್ಬ್ಯುಟಿನ್, ಕೋಜಿಕ್ ಆಮ್ಲ, ಅಜೆಲಾಯಿಕ್ ಆಮ್ಲ ಇವೆಲ್ಲ ಟೈರೋಸಿನೇಸನ್ನು ತಡೆಯಲು ಹೊರಟವು. ವಿಟಮಿನ್ ಸಿ ಸೀರಮ್ಮುಗಳು ಕ್ವಿನೋನನ್ನು ಹಿಂದಕ್ಕೆ ತಿರುಗಿಸಲು ಹೊರಟವು.

ಪಾತ್ರೆಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ, ಅದೇ ಮುಖ್ಯ. ಆಗಲೇ ಕಪ್ಪಾದ ಹೋಳನ್ನು ಮಜ್ಜಿಗೆಯಲ್ಲಿ ಎಷ್ಟು ಹೊತ್ತು ನೆನೆಹಾಕಿದರೂ ಬೆಳ್ಳಗಾಗುವುದಿಲ್ಲ. ಮಜ್ಜಿಗೆ ನೀರು ಮುಂದೆ ಕಪ್ಪಾಗುವುದನ್ನು ತಡೆದೀತು, ಆದ ಕಪ್ಪನ್ನು ಅಳಿಸಲಾರದು. ಕ್ರೀಮೂ ಅಷ್ಟೇ. ಇವತ್ತು ಹಚ್ಚಿದ ಅಜೆಲಾಯಿಕ್ ಆಮ್ಲ ಇವತ್ತಿನಿಂದ ಹುಟ್ಟುವ ಮೆಲನಿನ್ನನ್ನು ಕಡಿಮೆ ಮಾಡುತ್ತದೆ. ಈಗಾಗಲೇ ಕೋಶಗಳಲ್ಲಿ ತುಂಬಿಕೊಂಡದ್ದು ಆ ಕೋಶ ಮೇಲೆ ಬಂದು, ಒಣಗಿ, ಉದುರಿದಾಗಲೇ ಹೋಗಬೇಕು. ಹರೆಯದಲ್ಲಿ ಆ ಪಯಣಕ್ಕೆ ನಾಲ್ಕು ವಾರ, ವಯಸ್ಸಾದಂತೆ ಆರು ವಾರ ಅಥವಾ ಅದಕ್ಕೂ ಹೆಚ್ಚು. ಅಂಥ ಎರಡು ಮೂರು ಸುತ್ತು ಕಳೆಯಬೇಕು. ಹಾಗಾಗಿ ಪ್ರಾಮಾಣಿಕವಾಗಿ ಕೆಲಸ ಮಾಡುವ ಯಾವ ಕ್ರೀಮಿಗಾದರೂ ಕನಿಷ್ಠ ಮೂರು ತಿಂಗಳು ಬೇಕು. ಎರಡು ವಾರದಲ್ಲಿ ಮುಖ ಬೆಳ್ಳಗಾಯಿತೆಂದರೆ ಬೇರೇನೋ ನಡೆದಿದೆ.

ಆ ಬೇರೇನು ಎಂಬುದಕ್ಕೆ ಶಿಕ್ಷಕಿ ಕಳಿಸಿದ ಟ್ಯೂಬಿನ ಮೂರನೆಯ ಹೆಸರೇ ಉತ್ತರ: ಮೊಮೆಟಾಸೋನ್. ಅದು ಸ್ಟೀರಾಯ್ಡ್. ಸ್ಟೀರಾಯ್ಡ್ ಹಚ್ಚಿದ ಜಾಗದ ಸಣ್ಣ ರಕ್ತನಾಳಗಳು ಕುಗ್ಗುತ್ತವೆ, ಚರ್ಮ ಬಿಳಿಚಿಕೊಳ್ಳುತ್ತದೆ. ಇದು ಎಷ್ಟು ಖಚಿತವೆಂದರೆ, ಒಂದು ಸ್ಟೀರಾಯ್ಡ್ ಎಷ್ಟು ಪ್ರಬಲ ಎಂದು ಅಳೆಯಲು ಅದು ಚರ್ಮವನ್ನು ಎಷ್ಟು ಬಿಳಿಚಿಸುತ್ತದೆ ಎಂದೇ 1962ರಿಂದ ಪರೀಕ್ಷಿಸುತ್ತಾ ಬಂದಿದ್ದಾರೆ. ಜೊತೆಗೆ ಅದು ಮೆಲನೋಸೈಟುಗಳ ಚಟುವಟಿಕೆಯನ್ನೂ ತಗ್ಗಿಸುತ್ತದೆ. ಮೊದಲ ವಾರಗಳಲ್ಲಿ ಮುಖ ಹೊಳೆಯುತ್ತದೆ, ಎದುರು ಸಿಕ್ಕವರೆಲ್ಲ ಏನು ಹಚ್ಚುತ್ತೀರಿ ಎಂದು ಕೇಳುತ್ತಾರೆ. ತಿಂಗಳುಗಳು ಕಳೆದಂತೆ ಚರ್ಮ ತೆಳ್ಳಗಾಗುತ್ತದೆ, ಕೆನ್ನೆಯ ಮೇಲೆ ಕೆಂಪು ನರಗಳ ಎಳೆ ಕಾಣತೊಡಗುತ್ತದೆ, ಮೊಡವೆ ಏಳುತ್ತದೆ, ಹೆಂಗಸರ ಮುಖದ ಮೇಲೂ ಕೂದಲು ದಟ್ಟವಾಗುತ್ತದೆ. ನಿಲ್ಲಿಸಿದರೆ ಮುಖವೆಲ್ಲ ಕೆಂಪಗಾಗಿ ಉರಿಯುತ್ತದೆ, ಬಂಗು ಮೊದಲಿಗಿಂತ ಜೋರಾಗಿ ಮರಳುತ್ತದೆ. ಉರಿ ತಾಳಲಾರದೆ ಮತ್ತೆ ಅದೇ ಟ್ಯೂಬು. ಈ ಚಕ್ರದಲ್ಲಿ ಸಿಕ್ಕಿದ ಮುಖಗಳನ್ನು ನಮ್ಮ ಚರ್ಮವೈದ್ಯರು ಎಷ್ಟು ಕಂಡಿದ್ದಾರೆಂದರೆ, ಸ್ಟೀರಾಯ್ಡಿನಿಂದ ಹಾಳಾದ ಮುಖಕ್ಕೆಂದೇ ವೈದ್ಯಕೀಯದಲ್ಲಿ ಒಂದು ಹೊಸ ರೋಗನಾಮವನ್ನು ಭಾರತದ ವೈದ್ಯರೇ ಕೊಟ್ಟಿದ್ದಾರೆ. ಅವರ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ, 2018ರಲ್ಲಿ ಕೇಂದ್ರ ಸರ್ಕಾರ ಚರ್ಮಕ್ಕೆ ಹಚ್ಚುವ ಸ್ಟೀರಾಯ್ಡುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು ನಿಯಮ ಬಿಗಿ ಮಾಡಿತು. ಶಿಕ್ಷಕಿಯ ಕೈಸೇರಿದ ಟ್ಯೂಬು, ಆ ನಿಯಮ ಅಂಗಡಿಯ ಕಟ್ಟೆ ತಲುಪಿಲ್ಲ ಎನ್ನುವುದಕ್ಕೆ ಸಾಕ್ಷಿ.

ಈ ಮೂರು ಔಷಧಿಗಳು ಒಂದೇ ಟ್ಯೂಬಿಗೆ ಬಂದು ಸೇರಿದ್ದು ಹೇಗೆ ಎಂಬುದಕ್ಕೊಂದು ದೊಡ್ಡ ಕತೆಯಿದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ಒಂದು ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ, ಕೂಲಿಗಳ ಕೈ ಮತ್ತು ಮುಂಗೈ ಬೆಳ್ಳಗಾಗತೊಡಗಿತು. ಹೆಚ್ಚಿನವರು ಕಪ್ಪು ಜನ, ಹಾಗಾಗಿ ತೊನ್ನಿನಂಥ ಬಿಳಿ ಎದ್ದು ಕಾಣುತ್ತಿತ್ತು. ಆಲಿವರ್, ಶ್ವಾರ್ಟ್ಸ್, ವಾರನ್ ಎಂಬ ಮೂವರು ವೈದ್ಯರು ಬೆನ್ನುಹತ್ತಿ ಹೋದರು. ಹದ ಮಾಡುವ ರಾಸಾಯನಿಕಗಳನ್ನೆಲ್ಲ ಪರೀಕ್ಷಿಸಿದರೂ ಕಾರಣ ಸಿಗಲಿಲ್ಲ. ಕೊನೆಗೆ ಸಿಕ್ಕಿದ್ದು ಕೈರಕ್ಷಣೆಗೆಂದು ಹಾಕಿಕೊಂಡಿದ್ದ ರಬ್ಬರ್ ಗ್ಲೌಸಿನಲ್ಲಿ. ರಬ್ಬರ್ ಬೇಗ ಹಾಳಾಗದಿರಲೆಂದು ಅದಕ್ಕೆ ಹೈಡ್ರೋಕ್ವಿನೋನಿನ ಒಂದು ಸಂಬಂಧಿಯನ್ನು, ಮೋನೊಬೆಂಜೋನನ್ನು, ಬೆರೆಸಿದ್ದರು. 1939ರಲ್ಲಿ ವರದಿ ಪ್ರಕಟವಾಯಿತು. ಟೈರೋಸಿನ್ನನ್ನೇ ಹೋಲುವ ಈ ವಸ್ತು ಕಿಣ್ವದ ಬಾಯಿಗೆ ಬಿದ್ದು, ವಿಷಕಾರಿ ಕ್ವಿನೋನಾಗಿ ಬದಲಾಗಿ, ಮೆಲನೋಸೈಟನ್ನೇ ಕೊಲ್ಲುತ್ತದೆ. ಕಾರ್ಮಿಕರ ದೇಹಕ್ಕಾದ ಅನ್ಯಾಯವೊಂದು ಹೀಗೆ ಔಷಧಶಾಸ್ತ್ರಕ್ಕೆ ದಾರಿ ತೋರಿಸಿತು. ಅದೇ ಕುಟುಂಬದ ಸೌಮ್ಯ ಸದಸ್ಯ ಹೈಡ್ರೋಕ್ವಿನೋನ್, 1960ರ ದಶಕದಲ್ಲಿ ಕಲೆ ತೆಗೆಯುವ ಔಷಧಿಯಾಗಿ ಬಂತು.

1975ರಲ್ಲಿ ಎರಡು ಪ್ರಬಂಧಗಳು ಪ್ರಕಟವಾದವು. ಫಿಲಡೆಲ್ಫಿಯಾದ ಆಲ್ಬರ್ಟ್ ಕ್ಲಿಗ್‌ಮನ್ ಮತ್ತು ಐಸಾಕ್ ವಿಲ್ಲಿಸ್, ಹೈಡ್ರೋಕ್ವಿನೋನಿಗೆ ಟ್ರೆಟಿನಾಯಿನ್ ಮತ್ತು ಒಂದು ಸ್ಟೀರಾಯ್ಡ್ ಬೆರೆಸಿದರೆ ಮೂರೂ ಸೇರಿ ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ತೋರಿಸಿದರು. ಟ್ರೆಟಿನಾಯಿನ್ ಚರ್ಮ ಉದುರುವ ವೇಗ ಹೆಚ್ಚಿಸುತ್ತದೆ, ಅದರಿಂದಾಗುವ ಉರಿಯನ್ನು ಸ್ಟೀರಾಯ್ಡ್ ತಣಿಸುತ್ತದೆ. ಕ್ಲಿಗ್‌ಮನ್ ಅದೇ ಊರಿನ ಹೋಮ್ಸ್‌ಬರ್ಗ್ ಜೈಲಿನ ಕೈದಿಗಳ ಚರ್ಮದ ಮೇಲೆ ಎರಡು ದಶಕ ಪ್ರಯೋಗ ನಡೆಸಿದ ವ್ಯಕ್ತಿ. ಆ ಕಳಂಕ ಅವನ ಹೆಸರಿನಿಂದ ಇಂದಿಗೂ ಹೋಗಿಲ್ಲ. ಅದೇ ವರ್ಷ ದಕ್ಷಿಣ ಆಫ್ರಿಕಾದ ಚರ್ಮವೈದ್ಯ ಫಿಂಡ್ಲೇ ಇನ್ನೊಂದು ವರದಿ ಕೊಟ್ಟರು. ಅಲ್ಲಿನ ಕಪ್ಪು ಹೆಂಗಸರು ಬೆಳ್ಳಗಾಗಲೆಂದು ವರ್ಷಗಟ್ಟಲೆ ಹೈಡ್ರೋಕ್ವಿನೋನ್ ಕ್ರೀಮು ಹಚ್ಚಿದ್ದರು. ಅವರ ಕೆನ್ನೆಯ ಮೇಲೆ ನೀಲಿ ಬೆರೆತ ಕಪ್ಪು ಬಣ್ಣದ ಒರಟು ಕಲೆಗಳು ಎದ್ದಿದ್ದವು. ಓಕ್ರೊನೋಸಿಸ್ ಎಂಬ ಈ ಕಲೆ ಒಮ್ಮೆ ಬಂದರೆ ಹೋಗಿಸುವುದು ತೀರ ಕಷ್ಟ. 1990ರಲ್ಲಿ ದಕ್ಷಿಣ ಆಫ್ರಿಕಾ ಇಂಥ ಕ್ರೀಮುಗಳನ್ನು ನಿಷೇಧಿಸಿತು. ಯುರೋಪ್ 2001ರಲ್ಲಿ ಸೌಂದರ್ಯ ಸಾಧನಗಳಿಂದ ಹೈಡ್ರೋಕ್ವಿನೋನನ್ನು ಹೊರಗಿಟ್ಟಿತು. ಅಮೆರಿಕದಲ್ಲಿ 2020ರವರೆಗೆ ಶೇ. 2ರ ಕ್ರೀಮು ಚೀಟಿ ಇಲ್ಲದೆ ಸಿಗುತ್ತಿತ್ತು, ಈಗ ಅಲ್ಲೂ ಚೀಟಿ ಬೇಕು.

ಹೈಡ್ರೋಕ್ವಿನೋನ್ ಕೆಟ್ಟ ಔಷಧಿ ಎಂದು ಇದರಿಂದ ತಿಳಿಯಬಾರದು. ಬಂಗಿನ ಚಿಕಿತ್ಸೆಯಲ್ಲಿ ಬೇರೆಲ್ಲವನ್ನೂ ಹೋಲಿಸಿ ನೋಡುವುದು ಇಂದಿಗೂ ಅದರ ಜೊತೆಗೇ. ಮೂರೂ ಸೇರಿದ ಕ್ರೀಮಿಗೆ ಅಮೆರಿಕ 2002ರಲ್ಲಿ ಒಪ್ಪಿಗೆ ಕೊಟ್ಟಾಗ ಸೌಮ್ಯ ಸ್ಟೀರಾಯ್ಡ್ ಇರಬೇಕು, ಎಂಟು ವಾರ ಮೀರಬಾರದು ಎಂಬ ಕಟ್ಟುಪಾಡಿನೊಂದಿಗೆ ಕೊಟ್ಟಿತು. ವೈದ್ಯರು ನೋಡಿ, ಇಷ್ಟು ದಿನ ಎಂದು ಹೇಳಿ, ಮತ್ತೆ ಕರೆಸಿ ಪರೀಕ್ಷಿಸಿದರೆ ಅದು ಚಿಕಿತ್ಸೆ. ನಮ್ಮಲ್ಲಿ ಸೌಮ್ಯ ಸ್ಟೀರಾಯ್ಡಿನ ಜಾಗಕ್ಕೆ ಪ್ರಬಲವಾದ ಮೊಮೆಟಾಸೋನ್ ಬಂತು, ವೈದ್ಯರು ಹೊರಗುಳಿದರು, ದಿನಗಳ ಲೆಕ್ಕ ಯಾರೂ ಇಡಲಿಲ್ಲ.

ಹಾಗಾದರೆ ಚೀಟಿ ಇಲ್ಲದೆ ಏನು ಕೊಳ್ಳಬಹುದು? ನನ್ನ ಮೊದಲ ಆಯ್ಕೆ ಅಜೆಲಾಯಿಕ್ ಆಮ್ಲ. ಅದರ ಹುಟ್ಟಿನ ಕತೆ ನಮ್ಮಲ್ಲಿ ಪ್ರತಿ ಮನೆಯೂ ಕಂಡಿರುವ ಸಿಬ್ಬಿನಿಂದ ಶುರುವಾಗುತ್ತದೆ. ಬೇಸಿಗೆಯಲ್ಲಿ ಬೆನ್ನು, ಎದೆ, ಕತ್ತಿನ ಮೇಲೆ ಮಸುಕು ಬಿಳಿಯ ಕಲೆ ಬರುತ್ತದಲ್ಲ, ಅದು ಚರ್ಮದ ಮೇಲೆ ಬದುಕುವ ಒಂದು ಶಿಲೀಂಧ್ರದ ಕೆಲಸ. ಆ ಶಿಲೀಂಧ್ರ ಚರ್ಮವನ್ನು ಬೆಳ್ಳಗಾಗಿಸುವುದಾದರೂ ಹೇಗೆ ಎಂದು ರೋಮಿನ ಮಾರ್ಚೆಲ್ಲಾ ನಜ್ಜಾರೊ-ಪೊರ್ರೊ ಮತ್ತು ಸಿರೊ ಪಾಸ್ಸಿ ಹುಡುಕಿದರು. ಶಿಲೀಂಧ್ರ ಚರ್ಮದ ಕೊಬ್ಬನ್ನು ಒಡೆದು ಕೆಲವು ಆಮ್ಲಗಳನ್ನು ಮಾಡುತ್ತದೆ, ಅವು ಟೈರೋಸಿನೇಸನ್ನು ತಡೆಯುತ್ತವೆ ಎಂದು 1978ರಲ್ಲಿ ಬರೆದರು. ಆ ಆಮ್ಲಗಳಲ್ಲೊಂದು ಅಜೆಲಾಯಿಕ್. ಗೋಧಿ, ಬಾರ್ಲಿಯಲ್ಲೂ ಅದು ಅಲ್ಪ ಪ್ರಮಾಣದಲ್ಲಿದೆ. ರೋಗವೊಂದು ತನ್ನೊಳಗಿಟ್ಟುಕೊಂಡಿದ್ದ ಉಪಾಯವನ್ನು ಹೀಗೆ ಬಿಡಿಸಿ ತೆಗೆದು ಔಷಧಿ ಮಾಡಿದ್ದು ಚರ್ಮವಿಜ್ಞಾನದ ಸೊಗಸಾದ ಅಧ್ಯಾಯಗಳಲ್ಲಿ ಒಂದು. 1991ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ ಬಂಗು ಬಂದ 329 ಹೆಂಗಸರು ಭಾಗವಹಿಸಿದ್ದರು. ಅರ್ಧ ಜನಕ್ಕೆ ಶೇ. 20ರ ಅಜೆಲಾಯಿಕ್, ಉಳಿದವರಿಗೆ ಶೇ. 4ರ ಹೈಡ್ರೋಕ್ವಿನೋನ್, 24 ವಾರ. ಕೊನೆಗೆ ಎರಡರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಹಚ್ಚಿದ ಮೊದಲ ವಾರಗಳಲ್ಲಿ ಚುರುಗುಟ್ಟುತ್ತದೆ, ತುರಿಸುತ್ತದೆ. ದಿನ ಬಿಟ್ಟು ದಿನ ತೆಳುವಾಗಿ ಶುರುಮಾಡಿದರೆ ಚರ್ಮ ಒಗ್ಗಿಕೊಳ್ಳುತ್ತದೆ. ಓಕ್ರೊನೋಸಿಸ್ ಭಯವಿಲ್ಲ. ಬಸುರಿನಲ್ಲಿ ಬಂಗು ಬಂದವರಿಗೂ ವೈದ್ಯರು ಧೈರ್ಯವಾಗಿ ಕೊಡುವುದು ಇದನ್ನೇ.

ಎರಡನೆಯದು ನಿಯಾಸಿನಮೈಡ್, ಬಿ ಗುಂಪಿನ ಒಂದು ವಿಟಮಿನ್. ಇದು ಕಿಣ್ವದ ತಂಟೆಗೆ ಹೋಗುವುದಿಲ್ಲ. ಮೆಲನೋಸೈಟು ತನ್ನ ಕಣಗಳನ್ನು ನೆರೆಯ ಕೋಶಕ್ಕೆ ದಾಟಿಸುವುದನ್ನು ತಡೆಯುತ್ತದೆ ಎಂದು ಜಪಾನಿನ ಹಾಕೊಜಾಕಿ ತಂಡ 2002ರಲ್ಲಿ ತೋರಿಸಿತು. 1975ರಲ್ಲಿ ಭಾರತದಲ್ಲಿ ಮಾರಾಟಕ್ಕೆ ಬಂದು, 2020ರಲ್ಲಿ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕಳಚಿಕೊಂಡ ಪ್ರಸಿದ್ಧ ಕ್ರೀಮಿನ ಮುಖ್ಯ ವಸ್ತುವೂ ಇದೇ. ಅದರ ಜಾಹೀರಾತುಗಳು ಮಾಡಿದ ಹಾನಿ ದೊಡ್ಡದು, ಕಪ್ಪು ಹುಡುಗಿಗೆ ಕೆಲಸವೂ ಗಂಡೂ ಸಿಗದು ಎಂದು ಎರಡು ತಲೆಮಾರಿಗೆ ಪಾಠ ಹೇಳಿದವು. ವಿಟಮಿನ್ನಿನ ತಪ್ಪು ಅದರಲ್ಲೇನೂ ಇಲ್ಲ. 2011ರಲ್ಲಿ ಮೆಕ್ಸಿಕೊದ ವೈದ್ಯರು 27 ಹೆಂಗಸರ ಒಂದು ಕೆನ್ನೆಗೆ ಶೇ. 4ರ ನಿಯಾಸಿನಮೈಡ್, ಇನ್ನೊಂದಕ್ಕೆ ಶೇ. 4ರ ಹೈಡ್ರೋಕ್ವಿನೋನ್ ಹಚ್ಚಿಸಿದರು. ಎಂಟು ವಾರದಲ್ಲಿ ಚೆನ್ನಾಗಿ ತಿಳಿಯಾದದ್ದು ನಿಯಾಸಿನಮೈಡ್ ಕಡೆ ಶೇ. 44 ಮಂದಿಗೆ, ಹೈಡ್ರೋಕ್ವಿನೋನ್ ಕಡೆ ಶೇ. 55 ಮಂದಿಗೆ. ಸಣ್ಣ ಪರೀಕ್ಷೆಯೇ, ಆದರೂ ಒಂದೇ ಮುಖದ ಎರಡು ಕೆನ್ನೆ ಹೋಲಿಸಿದ್ದರಿಂದ ತೂಕವಿದೆ. ಉರಿ ಕಡಿಮೆ, ಬೆಲೆಯೂ ಕಡಿಮೆ.

ಕೋಜಿಕ್ ಆಮ್ಲದ ಕತೆಯೂ ಚೆಂದ. 1907ರಲ್ಲಿ ಜಪಾನಿನ ಸೈಟೊ, ಅನ್ನಕ್ಕೆ ಬೂಷ್ಟು ಹಿಡಿಸಿ ಮದ್ಯ ಮಾಡುವ ಕೋಜಿ ಶಿಲೀಂಧ್ರದಿಂದ ಅದನ್ನು ಬೇರ್ಪಡಿಸಿದರು. ತಾಮ್ರವನ್ನು ಹಿಡಿದುಕೊಳ್ಳುವ ಗುಣ ಅದಕ್ಕಿದೆ. ಕೋಜಿಕ್ ಸೋಪು, ಕೋಜಿಕ್ ಸೀರಮ್ಮು ಎಂದು ಈಗ ಅಂಗಡಿ ತುಂಬಾ ಕಾಣುತ್ತದೆ. ನನಗೆ ಇದರ ಬಗ್ಗೆ ಅಷ್ಟು ಉತ್ಸಾಹವಿಲ್ಲ, ಕಾರಣ ಇಷ್ಟು. ಕಲೆ ತೆಗೆಯುವ ವಸ್ತುಗಳನ್ನು ದಶಕಗಟ್ಟಲೆ ಪರೀಕ್ಷಿಸಿದ್ದು ಅಣಬೆಯ ಟೈರೋಸಿನೇಸಿನ ಮೇಲೆ. ಅದು ಅಗ್ಗ, ಸುಲಭವಾಗಿ ಸಿಗುತ್ತದೆ. 2018ರಲ್ಲಿ ಜರ್ಮನಿಯ ಬೈಯರ್ಸ್‌ಡಾರ್ಫ್ ಕಂಪನಿಯ ವಿಜ್ಞಾನಿಗಳು 50,000 ವಸ್ತುಗಳನ್ನು ಮನುಷ್ಯನ ಟೈರೋಸಿನೇಸಿನ ಮೇಲೆ ಪರೀಕ್ಷಿಸಿ ನೋಡಿದರು. ಅಣಬೆಯ ಕಿಣ್ವವನ್ನು ಚೆನ್ನಾಗಿ ಕಟ್ಟಿಹಾಕುವ ಕೋಜಿಕ್ ಆಮ್ಲ, ಮನುಷ್ಯನ ಕಿಣ್ವದ ಮುಂದೆ ತೀರ ದುರ್ಬಲವಾಗಿ ಕಂಡಿತು. ಅವರು ಆರಿಸಿದ ಥಯಾಮಿಡಾಲ್ ಎಂಬ ವಸ್ತು ಇದಕ್ಕೆ ತದ್ವಿರುದ್ಧ: ಅಣಬೆಯ ಕಿಣ್ವಕ್ಕಿಂತ ಮನುಷ್ಯನ ಕಿಣ್ವವನ್ನು ಸುಮಾರು ನೂರು ಪಟ್ಟು ಸುಲಭವಾಗಿ ತಡೆಯಿತು. ತಮ್ಮದೇ ಸರಕಿನ ಬಗ್ಗೆ ಕಂಪನಿಯೇ ಮಾಡಿದ ಅಧ್ಯಯನ ಎಂಬುದು ನೆನಪಿರಲಿ. ಆದರೂ ಅದು ಎತ್ತಿದ ಮೂಲ ಪ್ರಶ್ನೆ ಗಟ್ಟಿಯಾದದ್ದು. ಬಾಳೆಕಾಯಿ, ಅಣಬೆ, ಮನುಷ್ಯ ಮೂವರದೂ ಒಂದೇ ಕುಲದ ಕಿಣ್ವ, ಒಂದೇ ಕಿಣ್ವ ಅಲ್ಲ. ‘ಟೈರೋಸಿನೇಸ್ ತಡೆಯುವುದು ಪ್ರಯೋಗಾಲಯದಲ್ಲಿ ಸಾಬೀತು’ ಎಂದು ಡಬ್ಬಿಯ ಮೇಲೆ ಬರೆದಿದ್ದರೆ, ಯಾರ ಟೈರೋಸಿನೇಸ್ ಎಂದು ಕೇಳಬೇಕು.

ಇಲ್ಲಿಯವರೆಗೆ ಹೇಳಿದ್ದು ಬಹುಪಾಲು ಬಂಗಿನ ಮಾತು. ಶಿಕ್ಷಕಿಯ ಹಣೆಯ ಮೇಲಿನ ಬಿಡಿ ಚುಕ್ಕೆಗಳು ಬೇರೆ ಜಾತಿಯವು ಇರಬಹುದು. ಅಂಚು ಸ್ಪಷ್ಟವಾಗಿರುವ, ಬಿಸಿಲು ಬೀಳುವ ಜಾಗದಲ್ಲಿ ವಯಸ್ಸಾದಂತೆ ಮೂಡುವ ಬಿಸಿಲುಕಲೆಯಲ್ಲಿ ಚರ್ಮದ ಕೋಶಗಳೇ ಬದಲಾಗಿರುತ್ತವೆ, ಕೆಲವು ಜೀನುಗಳಲ್ಲಿ ಮಾರ್ಪಾಡು ಆಗಿರುತ್ತದೆ. ಕಿಣ್ವ ತಡೆಯುವ ಕ್ರೀಮಿಗೆ ಅವು ಅಷ್ಟಾಗಿ ಬಗ್ಗುವುದಿಲ್ಲ. 1992ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ವೈದ್ಯರು ಇಂಥ ಕಲೆಗಳಿಗೆ ಹತ್ತು ತಿಂಗಳು ಟ್ರೆಟಿನಾಯಿನ್ ಹಚ್ಚಿಸಿದಾಗ ಮುಖದ ಕಲೆ ತಿಳಿಯಾದದ್ದು ಶೇ. 83 ಜನಕ್ಕೆ. ಔಷಧಿಯೇ ಇಲ್ಲದ ಬರೀ ಕ್ರೀಮು ಹಚ್ಚಿದವರಲ್ಲೂ ಶೇ. 29 ಜನಕ್ಕೆ ತಿಳಿಯಾಯಿತು! ಈ ಎರಡನೆಯ ಅಂಕಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ನೆರೆಮನೆಯವರು ‘ನನಗೆ ಈ ಕ್ರೀಮಿನಿಂದ ಹೋಯಿತು’ ಎಂದಾಗ ಅವರು ಸುಳ್ಳು ಹೇಳುತ್ತಿಲ್ಲ. ಹತ್ತರಲ್ಲಿ ಮೂವರಿಗೆ ಏನೂ ಇಲ್ಲದ ಕ್ರೀಮೂ ಹಾಗೆ ಅನ್ನಿಸುವಂತೆ ಮಾಡಬಲ್ಲದು. ಋತು ಬದಲಾಗುತ್ತದೆ, ಕ್ರೀಮು ಹಚ್ಚುವವರು ಬಿಸಿಲಿಗೂ ಜಾಗ್ರತೆ ಮಾಡುತ್ತಾರೆ.

ಬಿಸಿಲಿನ ಜಾಗ್ರತೆ ಇಲ್ಲದಿದ್ದರೆ ಮೇಲಿನ ಯಾವುದಕ್ಕೂ ಅರ್ಥವಿಲ್ಲ. ಮೊರಾಕ್ಕೊದಲ್ಲಿ ಸುಮಾರು 200 ಬಸುರಿಯರಿಗೆ ಎರಡು ಗಂಟೆಗೊಮ್ಮೆ ಸನ್‌ಸ್ಕ್ರೀನ್ ಹಚ್ಚಿಸಿ ನೋಡಿದ ಅಧ್ಯಯನ 2007ರಲ್ಲಿ ಪ್ರಕಟವಾಯಿತು. ಕೊನೆಯವರೆಗೆ ಉಳಿದ 185 ಮಂದಿಯಲ್ಲಿ ಹೊಸದಾಗಿ ಬಂಗು ಬಂದದ್ದು ಐವರಿಗೆ ಮಾತ್ರ. ಹೋಲಿಕೆಗೆ ಇನ್ನೊಂದು ಗುಂಪು ಇಟ್ಟುಕೊಂಡಿರಲಿಲ್ಲ ಎಂಬ ಕೊರತೆ ಅದಕ್ಕಿದೆ. ಆದರೂ ಬಸುರಿನಲ್ಲಿ ಬಂಗು ಎಷ್ಟು ಸಾಮಾನ್ಯ ಎಂದು ಬಲ್ಲವರಿಗೆ ಐದು ಎಂಬುದು ಸಣ್ಣ ಸಂಖ್ಯೆ ಎಂದು ಗೊತ್ತಾಗುತ್ತದೆ. 2012ರಲ್ಲಿ ಅಮೆರಿಕದ ಒಂದು ವೈದ್ಯಕೀಯ ಪತ್ರಿಕೆಯಲ್ಲಿ 28 ವರ್ಷ ಲಾರಿ ಓಡಿಸಿದ 69 ವಯಸ್ಸಿನ ಚಾಲಕನ ಫೋಟೊ ಬಂದಿತ್ತು. ಕಿಟಕಿ ಕಡೆಯ ಎಡಗೆನ್ನೆ ಸುಕ್ಕುಗಟ್ಟಿ ಜೋತುಬಿದ್ದಿದೆ, ಬಲಗೆನ್ನೆ ಅದಕ್ಕಿಂತ ಎಷ್ಟೋ ಎಳೆಯದಾಗಿ ಕಾಣುತ್ತದೆ. ನೇರಳಾತೀತದ ‘ಎ’ ಕಿರಣ ಗಾಜಿನೊಳಗಿಂದಲೂ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ನೇರವಾದ ಪುರಾವೆ ಬೇಕಿಲ್ಲ.

ನಮ್ಮಂಥ ಕಂದು ಚರ್ಮದವರಿಗೆ ಇನ್ನೊಂದು ವಿಚಾರ ಸೇರುತ್ತದೆ. 2010ರಲ್ಲಿ ಡೆಟ್ರಾಯಿಟಿನ ಹೆನ್ರಿ ಫೋರ್ಡ್ ಆಸ್ಪತ್ರೆಯ ಸಂಶೋಧಕರು, ಕಣ್ಣಿಗೆ ಕಾಣುವ ಸಾಮಾನ್ಯ ಬೆಳಕೇ ಕಂದು ಮತ್ತು ಕಪ್ಪು ಚರ್ಮವನ್ನು ಇನ್ನಷ್ಟು ಕಪ್ಪಾಗಿಸುತ್ತದೆ, ಬಿಳಿ ಚರ್ಮಕ್ಕೆ ಹಾಗೆ ಮಾಡುವುದಿಲ್ಲ ಎಂದು ತೋರಿಸಿದರು. ಮಾಮೂಲಿ ಸನ್‌ಸ್ಕ್ರೀನ್ ಈ ಬೆಳಕನ್ನು ತಡೆಯುವುದಿಲ್ಲ. ತಡೆಯುವುದು ಬಣ್ಣ ಬೆರೆಸಿದ ಸನ್‌ಸ್ಕ್ರೀನ್, ಅದರಲ್ಲಿರುವ ಕಬ್ಬಿಣದ ಆಕ್ಸೈಡ್. ನಮ್ಮ ಮನೆಯಂಗಳದ ಕೆಮ್ಮಣ್ಣಿಗೆ ಕೆಂಪು ಕೊಡುವ ವಸ್ತುವೇ ಅದು. ಬಂಗು ಇರುವವರು ಎಸ್‌ಪಿಎಫ್ 30ಕ್ಕಿಂತ ಹೆಚ್ಚಿರುವ, ಚರ್ಮದ ಬಣ್ಣಕ್ಕೆ ಹೊಂದುವ ಇಂಥ ಸನ್‌ಸ್ಕ್ರೀನ್ ಆರಿಸಬೇಕು. ಮುಖಕ್ಕೂ ಕತ್ತಿಗೂ ಸೇರಿ ತೋರುಬೆರಳು ಮತ್ತು ನಡುಬೆರಳಿನ ಉದ್ದಕ್ಕೆ ಎರಡು ಗೆರೆ ಹಿಂಡಿಕೊಂಡಷ್ಟು ಬೇಕು. ನಾವು ಸಾಮಾನ್ಯವಾಗಿ ಅದರ ಅರ್ಧವನ್ನೂ ಹಚ್ಚುವುದಿಲ್ಲ. ಕೊಳ್ಳಲು ಆಗದವರಿಗೆ ಕೊಡೆ ಇದೆ, ಅಗಲ ಅಂಚಿನ ಟೋಪಿ ಇದೆ, ತಲೆಮೇಲೆ ಹೊದ್ದ ಸೆರಗು ಇದೆ. ಬೆಳಗಿನ ಪ್ರಾರ್ಥನೆಯನ್ನು ಮರದ ನೆರಳಿಗೆ ಸರಿಸಿದರೆ ಮಕ್ಕಳಿಗೂ ಒಳ್ಳೆಯದು.

ಕೆಲವು ಎಚ್ಚರಿಕೆ ಹೇಳಲೇಬೇಕು. ಮುಖಕ್ಕೆ ನಿಂಬೆಹಣ್ಣು ಉಜ್ಜಬೇಡಿ. ಬಾಳೆಕಾಯಿಗೆ ಆದದ್ದು ಮುಖಕ್ಕೆ ಆಗದು. ನಿಂಬೆ ಜಾತಿಯ ಸಿಪ್ಪೆಯಲ್ಲಿರುವ ಕೆಲವು ವಸ್ತುಗಳು ಬಿಸಿಲು ಬಿದ್ದಾಗ ಚರ್ಮವನ್ನು ಸುಡುತ್ತವೆ, ಸುಟ್ಟ ಕಂದು ಚರ್ಮ ಇನ್ನೂ ಕಪ್ಪಾಗುತ್ತದೆ. ಹೆಸರು, ವಿಳಾಸ, ಒಳಗಿನ ವಸ್ತುಗಳ ಪಟ್ಟಿ ಇಲ್ಲದ ಬೆಳ್ಳಗಾಗಿಸುವ ಕ್ರೀಮು ಮುಟ್ಟಲೇಬೇಡಿ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟ್ಟಕ್ಕಲ್‌ನ ವೈದ್ಯರು ಅಂಥ ಕ್ರೀಮು ಹಚ್ಚಿದವರಲ್ಲಿ ಮೂತ್ರಪಿಂಡದ ಒಂದು ಅಪರೂಪದ ಕಾಯಿಲೆಯನ್ನು ಗುರುತಿಸಿದರು, ಕ್ರೀಮಿನಲ್ಲಿ ಪಾದರಸವಿತ್ತು. ಪಾದರಸ ಟೈರೋಸಿನೇಸನ್ನು ಕೆಡಿಸಿ ಮುಖವನ್ನೇನೋ ತಿಳಿಯಾಗಿಸುತ್ತದೆ, ಆದರೆ ಚರ್ಮದೊಳಗಿಂದ ರಕ್ತಕ್ಕೂ ಇಳಿಯುತ್ತದೆ. ಕತ್ತಿನ ಹಿಂದೆ, ಹಣೆಯ ಪಕ್ಕದಲ್ಲಿ ಚರ್ಮ ದಪ್ಪಗಾಗಿ ಕಪ್ಪಾಗಿದ್ದರೆ ಕ್ರೀಮಿಗೆ ದುಡ್ಡು ಹಾಕುವ ಮೊದಲು ರಕ್ತದ ಸಕ್ಕರೆ ಪರೀಕ್ಷಿಸಿಕೊಳ್ಳಿ, ಅದು ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರುವುದರ ಗುರುತು ಇರಬಹುದು. ಒಂದೇ ಕಲೆ ಬೆಳೆಯುತ್ತಾ ಹೋದರೆ, ಬಣ್ಣ ಒಂದೇ ಸಮ ಇಲ್ಲದಿದ್ದರೆ, ಅಂಚು ಅಂಕುಡೊಂಕಾದರೆ, ರಕ್ತ ಜಿನುಗಿದರೆ ಚರ್ಮವೈದ್ಯರಿಗೇ ತೋರಿಸಬೇಕು.

ಇನ್ನು ಶಿಕ್ಷಕಿಯವರಿಗೆ ನೇರವಾಗಿ: ಅಮ್ಮಾ, ಆ ಟ್ಯೂಬನ್ನು ಇನ್ನೂ ಹಚ್ಚಿಲ್ಲವಾದರೆ ಹಿಂದಿರುಗಿಸಿ. ಹಚ್ಚಲು ಶುರುಮಾಡಿ ವಾರಗಳಾಗಿದ್ದರೆ ಒಮ್ಮೆಲೇ ನಿಲ್ಲಿಸದೆ ವೈದ್ಯರನ್ನು ಕಂಡು ಹಂತಹಂತವಾಗಿ ಬಿಡಿ. ಬೆಳಿಗ್ಗೆ ಬಣ್ಣದ ಸನ್‌ಸ್ಕ್ರೀನ್, ರಾತ್ರಿ ಅಜೆಲಾಯಿಕ್ ಅಥವಾ ನಿಯಾಸಿನಮೈಡ್, ಎರಡರಲ್ಲಿ ಒಂದು. ಒಟ್ಟಿಗೆ ನಾಲ್ಕು ಸೀರಮ್ಮು ಶುರುಮಾಡಿದರೆ ಯಾವುದರಿಂದ ಒಳ್ಳೆಯದಾಯಿತು, ಯಾವುದರಿಂದ ಉರಿಯಿತು ಎಂದು ತಿಳಿಯುವುದಿಲ್ಲ. ಮೊದಲ ದಿನ ಕಿಟಕಿ ಪಕ್ಕ ನಿಂತು ಒಂದು ಫೋಟೊ ತೆಗೆದಿಡಿ, ತಿಂಗಳಿಗೊಮ್ಮೆ ಅದೇ ಕಿಟಕಿ, ಅದೇ ಹೊತ್ತಿಗೆ ಇನ್ನೊಂದು. ಕನ್ನಡಿಯನ್ನು ದಿನಾ ನೋಡಿದರೆ ನಿಧಾನದ ಬದಲಾವಣೆ ಕಾಣುವುದಿಲ್ಲ. ಮೂರು ತಿಂಗಳಿಗೂ ಏನೂ ಆಗದಿದ್ದರೆ ಆಗ ವೈದ್ಯರ ಸರದಿ. ಪೂರ್ತಿ ಹೋಗುತ್ತದೆ ಎಂದು ಯಾರೂ ಭರವಸೆ ಕೊಡಲಾರರು. ಬಂಗು ಮರುಕಳಿಸುವ ಸ್ವಭಾವದ್ದು, ಅರ್ಧದಷ್ಟು ತಿಳಿಯಾಗಿ ಹಾಗೇ ನಿಂತರೂ ಅದು ಗೆಲುವೇ.

ಔಷಧಿ ಅಂಗಡಿ ನಡೆಸುವವರಲ್ಲೂ ಒಂದು ಮಾತು. ಹಳ್ಳಿಯಲ್ಲಿ, ಸಣ್ಣ ಊರಿನಲ್ಲಿ ಜನ ಚರ್ಮವೈದ್ಯರಿಗಿಂತ ಮೊದಲು ನಂಬುವುದು ನಿಮ್ಮನ್ನು. ಹೆಸರಿನ ಕೊನೆಗೆ ‘ಸೋನ್’, ‘ಸೋಲ್’ ಎಂದು ಬರುವ ಸ್ಟೀರಾಯ್ಡುಗಳನ್ನು ನೀವು ನೋಡಿದ ಕೂಡಲೇ ಗುರುತಿಸಬಲ್ಲಿರಿ. ಅಂಥ ಟ್ಯೂಬನ್ನು ಚೀಟಿ ನೋಡದೆ ಕೈಗೆ ಕೊಡಬೇಡಿ. ಪಕ್ಕದ ಗೂಡಿನಲ್ಲಿರುವ ಅಜೆಲಾಯಿಕ್ ಕ್ರೀಮು ಕೊಟ್ಟು, ಮೂರು ತಿಂಗಳು ಹಿಡಿಯುತ್ತದೆ, ಬಿಸಿಲಿಗೆ ಕೊಡೆ ಹಿಡಿಯಿರಿ ಎಂದು ಹೇಳಿ. ಕಾರಣ ತಿಳಿಸಿ ಹೇಳಿದರೆ ಗಿರಾಕಿಗಳು ಕಾಯುತ್ತಾರೆ, ಮುಂದಿನ ಟ್ಯೂಬಿಗೂ ನಿಮ್ಮ ಅಂಗಡಿಗೇ ಬರುತ್ತಾರೆ.